ಬಿಡದಿಯದೋ, ಹಡಗಿನದೋ?

ನಮ್ಮ ಮನೆಯಲ್ಲಿ ಹೈಬ್ರಿಡ್ ಕಾರಿನ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಕಾರಿನ ಮಾತು ಶುರುವಾಗಿದ್ದು ಇವಿ, ಅಂದರೆ ಪೂರ್ತಿ ಬ್ಯಾಟರಿಯ ಕಾರು ಆಗುವುದಿಲ್ಲ ಅಂತ ಗೊತ್ತಾದ ಮೇಲೆ. ಇವಿಗೆ ಜಿಎಸ್‌ಟಿ ಬರೀ ಶೇ 5. ಓಡಿಸುವ ಖರ್ಚೂ ಕಮ್ಮಿ. ಆದರೆ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಚಾರ್ಜರ್ ಹಾಕಿಸುವ ವಿಷಯ ಒಂದು ಮೀಟಿಂಗಿನಿಂದ ಇನ್ನೊಂದು ಮೀಟಿಂಗಿಗೆ ಹೋಗುತ್ತಲೇ ಇತ್ತು. ಬೆಂಕಿ ಬಿದ್ದರೆ ಯಾರು ಹೊಣೆ, ಲೋಡ್ ಯಾರ ಹೆಸರಿನಲ್ಲಿ ಅಂತ ಚರ್ಚೆ ಈಗಲೂ ನಡೀತಿದೆ. ನಮ್ಮ ಹಳೇ ಡೀಸೆಲ್ ಹ್ಯಾಚ್‌ಬ್ಯಾಕಿಗೆ ಅಷ್ಟು ಕಾಯುವ ಶಕ್ತಿ ಇರಲಿಲ್ಲ.

ಮನೆಯಲ್ಲಿ ಐದು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಅಮ್ಮನಿಗೆ ಮೊಣಕಾಲು ನೋವು. ತಗ್ಗಿನ ಸೀಟಿನಲ್ಲಿ ಕೂತರೆ ಏಳುವುದಕ್ಕೆ ಇಬ್ಬರು ಬೇಕು. ಊರು ಪುತ್ತೂರಿನ ಕಡೆ. ಅಂದರೆ ವಾರವೆಲ್ಲ ಔಟರ್ ರಿಂಗ್ ರೋಡಿನ ಜಾಮು, ರಜೆ ಬಂದರೆ ಶಿರಾಡಿ ಘಾಟಿ. ಜಾಮಿನಲ್ಲಿ ಪೆಟ್ರೋಲ್ ಕುಡಿಯಬಾರದು, ಘಾಟಿಯಲ್ಲಿ ಉಸಿರು ಕಟ್ಟಬಾರದು, ಅಮ್ಮ ಆರಾಮಾಗಿ ಹತ್ತಿ ಇಳಿಯಬೇಕು. ನಮ್ಮ ಬೇಡಿಕೆ ಇಷ್ಟೇ.

ಇದರ ಮಧ್ಯೆ ಭಾವ ಬಂದರು. ಅವರದು ಒಂದೇ ಮಾತು, ‘ಇಂಪೋರ್ಟೆಡ್ ಅಂದ್ರೆ ಇಂಪೋರ್ಟೆಡ್ಡೇ. ಇಲ್ಲಿ ಜೋಡಿಸಿದ್ದಕ್ಕೆ ಆ ಗಟ್ಟಿತನ ಬರಲ್ಲ.’ ಹೈಬ್ರಿಡ್ ಜಪಾನಿನವರ ವಿದ್ಯೆ, ಹಾಗಾಗಿ ಜಪಾನಿನಿಂದಲೇ ಹಡಗು ಹತ್ತಿ ಬಂದ ಕಾರು ತಗೋ, ಹೊಸದಕ್ಕೆ ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ತಗೋ ಅಂತ. ಅವರ ಮಾತನ್ನು ಸುಮ್ನೆ ತಳ್ಳಿಹಾಕುವುದಕ್ಕೂ ಆಗಲಿಲ್ಲ. ನಮ್ಮಲ್ಲಿ ಹೈಬ್ರಿಡ್ ಶುರುವಾಗಿದ್ದೇ ಹಾಗೆ. 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಬಂದಿದ್ದು ಪೂರ್ತಿ ಕಾರಾಗಿ, ಹಡಗಿನಲ್ಲಿ. ಬೆಲೆ ಇಪ್ಪತ್ತೊಂದೂವರೆ ಲಕ್ಷ. ಯಾರೂ ಮುಟ್ಟಲಿಲ್ಲ. ಅದೇ ವರ್ಷ ಸುಮಾರು ಎಂಟು ಲಕ್ಷ ಇಳಿಸಿ ಮಾರಬೇಕಾಯಿತು. 2010ರಲ್ಲಿ ಟೊಯೊಟಾ ಪ್ರಿಯಸ್ ಬಂತು, ಅದೂ ಹಡಗಿನಲ್ಲೇ. ಬೆಲೆ ಇಪ್ಪತ್ತೈದು ಲಕ್ಷದ ಮೇಲೆ. ಬೆಂಗಳೂರಿನಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು, ಕಂಡರೆ ತಿರುಗಿ ನೋಡುತ್ತಿದ್ದೆವು. 2013ರಲ್ಲಿ ಟೊಯೊಟಾದವರು ಕ್ಯಾಮ್ರಿ ಹೈಬ್ರಿಡ್ಡನ್ನು ತಮ್ಮ ಬಿಡದಿ ಕಾರ್ಖಾನೆಯಲ್ಲೇ ಜೋಡಿಸುವುದಕ್ಕೆ ಶುರು ಮಾಡಿದರು. ಆದರೂ ಮಧ್ಯಮ ವರ್ಗದವರು ಬೆಲೆ ಕೇಳಬಹುದಾದ ಹೈಬ್ರಿಡ್ ಬಂದದ್ದು 2022ರಲ್ಲಿ. ಆ ಒಂದೇ ವರ್ಷದಲ್ಲಿ ಹೋಂಡಾ ಸಿಟಿ, ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಎಲ್ಲ ಬಂದವು. ಸಿಟಿ ರಾಜಸ್ಥಾನದ ಟಪುಕಾರಾದ್ದು. ಉಳಿದ ಮೂರೂ ನಮ್ಮ ಬಿಡದಿಯವೇ. ಹೌದು, ಮಾರುತಿ ಹೆಸರಿನ ಗ್ರ್ಯಾಂಡ್ ವಿಟಾರಾ ಕೂಡ ಟೊಯೊಟಾದ ಬಿಡದಿ ಕಾರ್ಖಾನೆಯಲ್ಲಿ ತಯಾರಾದದ್ದು. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ನಿಂತಾಗ ಹಾದು ಹೋಗುತ್ತಿದ್ದ ಟ್ರೈಲರ್‌ಗಳಲ್ಲಿ ಎರಡೂ ಕಂಪನಿಗಳ ಕಾರು ಒಟ್ಟಿಗೆ ಹೋಗುವುದನ್ನು ನೋಡಿದ್ದೆ. ಕಾರಣ ಗೊತ್ತಾಗಿದ್ದು ಕಾರು ಹುಡುಕಲು ಶುರು ಮಾಡಿದ ಮೇಲೆ.

ಶೋರೂಮುಗಳಿಗೆ ಓಡಾಡಲು ಶುರು ಮಾಡಿದಾಗ ಮೊದಲು ಗೊತ್ತಾದದ್ದು, ಹಿಂದುಗಡೆ ‘ಹೈಬ್ರಿಡ್’ ಅಂತ ಅಂಟಿಸಿದ್ದೆಲ್ಲ ಹೈಬ್ರಿಡ್ ಅಲ್ಲ ಅಂತ. ಮೈಲ್ಡ್ ಹೈಬ್ರಿಡ್ ಅಂದರೆ ಮಾಮೂಲಿ ಪೆಟ್ರೋಲ್ ಕಾರೇ. ಅದಕ್ಕೆ ಬೆಲ್ಟಿನಲ್ಲಿ ತಿರುಗುವ ಒಂದು ಸಣ್ಣ ಮೋಟಾರ್ ಸೇರಿಸಿರುತ್ತಾರೆ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡಿ ಆನ್ ಮಾಡುತ್ತದೆ, ಹೊರಡುವಾಗ ಸ್ವಲ್ಪ ತಳ್ಳುತ್ತದೆ. ಅದೊಂದರಿಂದಲೇ ಕಾರು ಒಂದಡಿಯೂ ಮುಂದೆ ಹೋಗುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್ ಬೇರೆಯೇ. ಅದರಲ್ಲಿ ಚಕ್ರ ತಿರುಗಿಸುವಷ್ಟು ದೊಡ್ಡ ಮೋಟಾರ್ ಇರುತ್ತದೆ, ಅದಕ್ಕೆ ಕರೆಂಟ್ ಕೊಡುವ ಬೇರೆ ಬ್ಯಾಟರಿ ಇರುತ್ತದೆ. ಪ್ಲಗ್ ಹಾಕುವ ಕೆಲಸ ಇಲ್ಲ. ಬ್ರೇಕ್ ಒತ್ತಿದಾಗ, ಎಂಜಿನ್ ಓಡುವಾಗ ತಾನೇ ತುಂಬಿಕೊಳ್ಳುತ್ತದೆ. ಸೇಲ್ಸ್ ಹುಡುಗರು ಈ ಎರಡನ್ನೂ ಒಂದೇ ಉಸಿರಿನಲ್ಲಿ ‘ಹೈಬ್ರಿಡ್ ಸರ್’ ಅಂತ ಹೇಳಿಬಿಡುತ್ತಾರೆ. ಒಬ್ಬ ಹುಡುಗನಿಗೆ ‘ಎಂಜಿನ್ ಆನ್ ಮಾಡದೆ ಈ ಕಾರನ್ನು ಗೇಟಿನ ತನಕ ಓಡಿಸಿ ತೋರಿಸಪ್ಪ’ ಅಂದೆ. ನಕ್ಕು, ಆಗಲ್ಲ ಸರ್ ಅಂದ. ಆಮೇಲೆ ಎಲ್ಲಿ ಹೋದರೂ ಅದೇ ಪ್ರಶ್ನೆ ಕೇಳಿದೆ. ಟೈಮ್ ಬಹಳ ಉಳಿಯಿತು.

ಭಾವನ ಸಮಾಧಾನಕ್ಕೆ ಹೊಸ ಇಂಪೋರ್ಟೆಡ್ ಒಂದನ್ನು ನೋಡಿಯೇಬಿಡೋಣ ಅಂತ ನಿಸಾನ್ ಎಕ್ಸ್-ಟ್ರಯಲ್ ನೋಡಲು ಹೋದೆವು. 2024ರ ಆಗಸ್ಟಿನಲ್ಲಿ ಪೂರ್ತಿ ತಯಾರಾದ ಕಾರಾಗಿ ಇಲ್ಲಿಗೆ ಬಂದದ್ದು. ಆಗಿನ ಎಕ್ಸ್ ಶೋರೂಮ್ ಬೆಲೆ 49.92 ಲಕ್ಷ. ನಮ್ಮ ಬಜೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ಬೇರೆ ಮಾತು. ಕಾರು ಚೆನ್ನಾಗಿದೆ ಅಂತ ಒಪ್ಪಲೇಬೇಕು. ಹಿಂದಿನ ಬಾಗಿಲು ಹೆಚ್ಚು ಕಡಿಮೆ ನೇರಕ್ಕೆ ತೆರೆದುಕೊಳ್ಳುತ್ತದೆ. ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು, ‘ಇದೇ ಇರಲಿ’ ಅಂದೂಬಿಟ್ಟರು. ಬಾಗಿಲು ಹಾಕಿದರೆ ಬರುವ ಆ ಗಟ್ಟಿ ಸದ್ದಿಗೆ ಭಾವ ನನ್ನ ಮುಖ ನೋಡಿದರು. ಆದರೆ ಬಾನೆಟ್ ಕೆಳಗೆ ಇರುವುದು ಒಂದೂವರೆ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಮತ್ತು 12 ವೋಲ್ಟಿನ ಮೈಲ್ಡ್ ಹೈಬ್ರಿಡ್. ಎಆರ್‌ಎಐ ಮೈಲೇಜ್, ಅಂದರೆ ಅಧಿಕೃತ ಪರೀಕ್ಷೆಯಲ್ಲಿ ಸಿಕ್ಕ ಮೈಲೇಜ್, ಲೀಟರಿಗೆ 13.7 ಕಿಲೋಮೀಟರ್. ಇದೇ ಕಾರಿಗೆ ಬೇರೆ ದೇಶಗಳಲ್ಲಿ ಇ-ಪವರ್ ಅಂತ ಇದೆ. ಅದರಲ್ಲಿ ಚಕ್ರ ತಿರುಗಿಸುವುದು ಬರೀ ಮೋಟಾರ್, ಎಂಜಿನ್ ಕೆಲಸ ಕರೆಂಟ್ ತಯಾರಿಸುವುದಷ್ಟೇ. ನಮಗೆ ಕೊಟ್ಟದ್ದು ಅದಲ್ಲ. ಅಂದರೆ ಐವತ್ತು ಲಕ್ಷದ ಆಮದು ಕಾರಿನ ಲೀಟರಿಗೆ 13.7, ಬಿಡದಿಯ ಇಪ್ಪತ್ತು ಲಕ್ಷದೊಳಗಿನ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ಡಿಗೆ 27.97. ಗಾತ್ರ, ಪವರ್ ಎರಡರಲ್ಲೂ ಬೇರೆ ಬೇರೆ ಕಾರುಗಳು ನಿಜ. ಆದರೆ ನಾವು ಹೊರಟಿದ್ದು ಹೈಬ್ರಿಡ್ ಹುಡುಕಿಕೊಂಡು, ಅಲ್ವಾ?

ಹಾಗಾದರೆ ಆ ದುಡ್ಡೆಲ್ಲ ಎಲ್ಲಿ ಹೋಗುತ್ತದೆ? ಅವತ್ತು ರಾತ್ರಿ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಪೂರ್ತಿ ಕಾರಾಗಿ ಬಂದರೆ, ಅದರ ಬೆಲೆ ವಿಮೆ ಸಾಗಣೆ ಎಲ್ಲ ಸೇರಿ 40,000 ಡಾಲರಿನೊಳಗೆ ಇದ್ದರೆ, ಕಸ್ಟಮ್ಸ್ ಶೇ 70. ಅದಕ್ಕಿಂತ ಜಾಸ್ತಿ ಇದ್ದರೆ ಒಟ್ಟು ಶೇ 110. ಆ ಮೊತ್ತದ ಮೇಲೆ ಮತ್ತೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಕಾರುಗಳಿಗೆ ಅದು ಶೇ 40. ಬಂದರಿನಲ್ಲಿ 100 ರೂಪಾಯಿಯ ಕಾರು ಕಸ್ಟಮ್ಸ್ ದಾಟಿದಾಗ 170, ಜಿಎಸ್‌ಟಿ ಸೇರಿದರೆ 238. 40,000 ಡಾಲರ್ ದಾಟಿದ ಕಾರಾದರೆ 100 ಹೋಗಿ 294. ಇನ್ನೂ ಡೀಲರ್ ಲಾಭ ಸೇರಿಸಿಲ್ಲ. ಆಮೇಲೆ ನಮ್ಮ ರಾಜ್ಯದ ಲೈಫ್ ಟೈಮ್ ಟ್ಯಾಕ್ಸ್. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17, ಅದರ ಮೇಲೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಐವತ್ತು ಲಕ್ಷದ ಕಾರಿಗೆ ಇದೊಂದೇ ಹತ್ತಿರ ಹತ್ತಿರ ಹತ್ತು ಲಕ್ಷ. ಹೈರೈಡರಿನ ಅರ್ಧ ಬೆಲೆ ಆರ್‌ಟಿಒಗೇ ಹೋಯಿತು! ಭಾವನಿಗೆ ಹಾಳೆ ತೋರಿಸಿದೆ. ಅವರು ಗಟ್ಟಿತನದ ಮಾತು ಬಿಟ್ಟು ‘ಹಾಗಾದ್ರೆ ಸೆಕೆಂಡ್ ಹ್ಯಾಂಡ್ ನೋಡು’ ಅಂದರು.

ಹೈಬ್ರಿಡ್ಡಿಗೆ ಇದ್ದ ಸಣ್ಣ ರಿಯಾಯಿತಿಯೂ ಈಗ ಇಲ್ಲ ಅನ್ನುವುದು ಅದೇ ಲೆಕ್ಕದಲ್ಲಿ ಗೊತ್ತಾಯಿತು. ಮುಂಚೆ ಜಿಎಸ್‌ಟಿ ಮತ್ತು ಸೆಸ್ ಸೇರಿ ದೊಡ್ಡ ಪೆಟ್ರೋಲ್ ಕಾರಿಗೆ ಶೇ 45ರಿಂದ 50, ಹೈಬ್ರಿಡ್ಡಿಗೆ 43. ಈಗ ಎರಡಕ್ಕೂ 40. ಹೈಬ್ರಿಡ್ ಬೆಲೆ ಇಳಿಯಿತು, ಆದರೆ ಪಕ್ಕದಲ್ಲಿ ನಿಂತ ಪೆಟ್ರೋಲ್ ಕಾರಿನ ಬೆಲೆ ಅದಕ್ಕಿಂತ ಜಾಸ್ತಿ ಇಳಿಯಿತು.

ಸೆಕೆಂಡ್ ಹ್ಯಾಂಡ್ ಹುಡುಕಾಟದಲ್ಲಿ ಕಣ್ಣಿಗೆ ಬಿದ್ದದ್ದು ಒಂದು ಹೋಂಡಾ ಅಕಾರ್ಡ್ ಹೈಬ್ರಿಡ್. 2016ರಲ್ಲಿ ಹೊಸದಾಗಿ ಬಂದಾಗ ಸುಮಾರು 37 ಲಕ್ಷದ ಕಾರು. ಈಗ ಹೊಸ ಹೈರೈಡರಿಗಿಂತ ಎಷ್ಟೋ ಅಗ್ಗ. ಬಿಳಿ ಬಣ್ಣ, ಮುತ್ತಿನ ಹೊಳಪು. ನೋಡಿದ ಕೂಡಲೇ ಭಾವ ‘ಇದು ಕಾರು’ ಅಂದರು. ಎರಡು ಲೀಟರ್ ಎಂಜಿನ್, ಎರಡು ಮೋಟಾರ್. ಬಟನ್ ಒತ್ತಿದರೆ ಸದ್ದೇ ಇಲ್ಲ, ಮೀಟರಿನಲ್ಲಿ ‘ರೆಡಿ’ ಅಂತ ಹಸಿರು ಅಕ್ಷರ ಮಾತ್ರ. ಒಂದು ಸುತ್ತು ಓಡಿಸಿದಾಗ ನನಗೂ ಆಸೆ ಆಗಿದ್ದು ಹೌದು. ಆದರೆ ಅಮ್ಮ ಕೂತರೆ ಏಳುವುದಕ್ಕೆ ಆಗಲಿಲ್ಲ. ಅಪಾರ್ಟ್‌ಮೆಂಟ್ ಗೇಟಿನ ಹಂಪ್‌ಗೆ ಕಾರಿನ ಹೊಟ್ಟೆ ಉಜ್ಜಿತು.

ಮಾರುವವರು ‘ಜಪಾನ್ ಕಾರು’ ಅಂತ ಹೇಳುತ್ತಲೇ ಇದ್ದರು. ಆರ್‌ಸಿ ಇಸಿದುಕೊಂಡು ಚಾಸಿಸ್ ನಂಬರ್ ನೋಡಿದೆ. ಹಳೇ ಕಾರು ನೋಡಲು ಹೋಗುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಹದಿನೇಳು ಅಕ್ಷರ ಅಂಕೆಗಳ ಆ ನಂಬರಿನ ಆರಂಭ ನೋಡಿದರೆ ಕಾರು ಎಲ್ಲಿ ಹುಟ್ಟಿತು ಅಂತ ಗೊತ್ತಾಗುತ್ತದೆ. ಜಪಾನಿನಲ್ಲಿ ತಯಾರಾದದ್ದಾದರೆ ಮೊದಲ ಅಕ್ಷರ ‘ಜೆ’. ನಮ್ಮ ದೇಶದ್ದು ಹೆಚ್ಚಾಗಿ ‘ಎಂಎ’ಯಿಂದ ‘ಎಂಇ’ ತನಕ, ಬಿಡದಿಯ ಟೊಯೊಟಾ ‘ಎಂಬಿಜೆ’. ಇದರಲ್ಲಿದ್ದದ್ದು ‘ಎಂಆರ್‌’. ಅಂದರೆ ಥಾಯ್ಲೆಂಡ್. ಅದರಿಂದ ಕಾರು ಕೆಟ್ಟದ್ದಾಗುವುದಿಲ್ಲ, ಥಾಯ್ಲೆಂಡಿನಲ್ಲಿ ಒಳ್ಳೆಯ ಕಾರು ಮಾಡುತ್ತಾರೆ. ಆದರೆ ಭಾವನ ಮುಖ ನೋಡಬೇಕಿತ್ತು.

ಆ ಕಾರನ್ನು ನಮ್ಮ ಮೆಕ್ಯಾನಿಕ್ಕಿಗೆ ತೋರಿಸಿದೆ. ರಾಜಾಜಿನಗರದಲ್ಲಿ ಅವರದು ಹಳೇ ಗ್ಯಾರೇಜು, ನಮ್ಮ ಡೀಸೆಲ್ ಕಾರಿನ ಪ್ರತಿ ನಟ್ಟೂ ಅವರಿಗೆ ಪರಿಚಯ. ಬಾನೆಟ್ ಎತ್ತಿದರು. ಎಂಜಿನ್ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕಿತ್ತಳೆ ಬಣ್ಣದ ಕೇಬಲ್ಲುಗಳು. ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಇಟ್ಟು, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ‘ಆರೆಂಜ್ ವಯರ್ ಅಂದ್ರೆ ಹೈ ವೋಲ್ಟೇಜ್ ಸಾರ್. ಆಯಿಲ್ ಚೇಂಜ್ ಮಾಡ್ತೀನಿ, ಬ್ರೇಕ್ ಪ್ಯಾಡ್ ಹಾಕ್ತೀನಿ. ಇದನ್ನ ಮುಟ್ಟಲ್ಲ.’ ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ಬ್ಯಾಟರಿ ಹೋದರೆ ಏನು ಅಂತ ಒಂದೆರಡು ಕಡೆ ವಿಚಾರಿಸಿದೆ. ಇಲ್ಲಿ ಮಾರಾಟ ನಿಂತುಹೋದ, ಇಲ್ಲಿ ತಯಾರೇ ಆಗದ ಮಾಡೆಲ್ಲು. ಪಾರ್ಟು ಆರ್ಡರ್ ಕೊಟ್ಟು ತರಿಸಬೇಕು, ಎಷ್ಟು ದಿನ ಅಂತ ಯಾರೂ ಬರೆದು ಕೊಡುವುದಿಲ್ಲ. ಇದರ ಮೇಲೆ ಈಗಿನ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬೇರೆ. ನಮ್ಮಲ್ಲಿ 2023ರ ಏಪ್ರಿಲ್ ನಂತರದ ಕಾರುಗಳನ್ನು ಅದಕ್ಕೆ ತಡೆಯುವ ಹಾಗೆ ಮಾಡಿದ್ದಾರೆ. ಇದು ಅದಕ್ಕಿಂತ ಎಷ್ಟೋ ಹಿಂದಿನದು. ಅಕಾರ್ಡ್ ಅಲ್ಲಿಗೆ ಮುಗಿಯಿತು.

ಈ ದೇಶಿ-ವಿದೇಶಿ ಗಲಾಟೆಯನ್ನು ಫೋನಿನಲ್ಲಿ ಅಕ್ಕನ ಹತ್ತಿರ ಹೇಳಿದರೆ ಅವಳಿಗೆ ನಗು. ಅವಳು ನ್ಯೂಜೆರ್ಸಿಯಲ್ಲಿದ್ದಾಳೆ. ಮನೆ ತುಂಬ ಜನ ಅಂತ ಟೊಯೊಟಾ ಸಿಯೆನ್ನಾ ಹೈಬ್ರಿಡ್ ವ್ಯಾನ್ ತಗೊಂಡಿದ್ದಾಳೆ. ಹೆಸರು ಜಪಾನಿನದು, ತಯಾರಾಗುವುದು ಇಂಡಿಯಾನಾ ರಾಜ್ಯದಲ್ಲಿ. ಅವಳ ಲೆಕ್ಕದಲ್ಲಿ ಅದು ದೇಶಿ ಕಾರು. ಪಕ್ಕದ ಮನೆಯವರ ಪ್ರಿಯಸ್ ಜಪಾನಿನಿಂದ ಬಂದದ್ದು, ಅದು ವಿದೇಶಿ. ಕಂಪನಿ ಒಂದೇ! ಅಲ್ಲಿ ಹೊಸ ಕಾರಿನ ಗಾಜಿನ ಮೇಲೆ ಒಂದು ಚೀಟಿ ಅಂಟಿಸಿರಬೇಕು ಅಂತ ಕಾನೂನೇ ಇದೆ. ಬಿಡಿಭಾಗಗಳಲ್ಲಿ ಶೇಕಡಾ ಎಷ್ಟು ಅಮೆರಿಕ ಮತ್ತು ಕೆನಡಾದ್ದು, ಕಾರು ಕೊನೆಗೆ ಜೋಡಣೆಯಾದ ಊರು ಯಾವುದು, ಎಂಜಿನ್ ಯಾವ ದೇಶದ್ದು, ಗೇರ್‌ಬಾಕ್ಸ್ ಯಾವ ದೇಶದ್ದು ಅಂತ ಅದರಲ್ಲಿ ಬರೆದಿರುತ್ತಾರೆ. ಅಕ್ಕ ಅದರ ಫೋಟೋ ಕಳಿಸಿದಳು. ನನಗೆ ಹೊಟ್ಟೆಕಿಚ್ಚಾಯಿತು. ಇಲ್ಲಿ ಶೋರೂಮಿನಲ್ಲಿ ‘ಇದರ ಬ್ಯಾಟರಿ ಎಲ್ಲಿಯದು, ಮೋಟಾರ್ ಎಲ್ಲಿಯದು’ ಅಂದರೆ ಹುಡುಗ ಮ್ಯಾನೇಜರನ್ನು ಕರೆಯುತ್ತಾನೆ, ಮ್ಯಾನೇಜರ್ ಕಾಫಿ ತರಿಸುತ್ತಾರೆ.

ಹುಡುಕಿ ಓದಿ ತಿಳಿದದ್ದು ಇಷ್ಟು. ಹೈಬ್ರಿಡ್ಡಿನ ಹೃದಯ ಅನ್ನಬಹುದಾದ ಇ-ಡ್ರೈವ್, ಅಂದರೆ ಮೋಟಾರ್ ಮತ್ತು ಗೇರ್ ಸೇರಿದ ಭಾಗವನ್ನು ಬಿಡದಿಯಲ್ಲೇ ಟೊಯೊಟಾದ ಬಿಡಿಭಾಗಗಳ ಕಂಪನಿ ಮಾಡುತ್ತದೆ. ಲಿಥಿಯಂ ಬ್ಯಾಟರಿಗೆ ಗುಜರಾತಿನ ಹನ್ಸಲ್‌ಪುರದಲ್ಲಿ ಸುಜುಕಿ, ತೋಷಿಬಾ, ಡೆನ್ಸೊ ಸೇರಿ ಕಟ್ಟಿದ ಕಾರ್ಖಾನೆ ಇದೆ. ಹೈಬ್ರಿಡ್ ಬ್ಯಾಟರಿಯ ಎಲೆಕ್ಟ್ರೋಡನ್ನೂ ಅಲ್ಲೇ ಮಾಡುವ ಕೆಲಸ 2025ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ಅಂದರೆ ದೇಶಿ ಅನ್ನುವುದು ಹೌದು-ಅಲ್ಲ ಅನ್ನುವ ಪ್ರಶ್ನೆಯೇ ಅಲ್ಲ, ಎಷ್ಟು ಪಾಲು ಅನ್ನುವ ಪ್ರಶ್ನೆ. ನಾನು ಅದನ್ನು ನನಗೆ ಬೇಕಾದ ಹಾಗೆ ಬದಲಾಯಿಸಿಕೊಂಡೆ. ಕೆಟ್ಟರೆ ಪಾರ್ಟು ಎಲ್ಲಿಂದ ಬರಬೇಕು, ರಿಪೇರಿ ಬಲ್ಲವರು ಪುತ್ತೂರಿಗೆ ಎಷ್ಟು ಹತ್ತಿರ ಇದ್ದಾರೆ?

ಉಳಿದವು ಇಲ್ಲಿನ ಕಾರುಗಳು. ಹೋಂಡಾ ಸಿಟಿ ಹೈಬ್ರಿಡ್ ಓಡಿಸಲು ಬಹಳ ಚೆನ್ನಾಗಿದೆ. ಊರೊಳಗೆ ಹೆಚ್ಚಿನ ಹೊತ್ತು ಮೋಟಾರೇ ಚಕ್ರ ತಿರುಗಿಸುತ್ತದೆ, ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ನೇರವಾಗಿ ಚಕ್ರಕ್ಕೆ ಸೇರಿಕೊಳ್ಳುತ್ತದೆ. ಆದರೆ ಅದೂ ತಗ್ಗು, ಅಮ್ಮನಿಗೆ ಆಗದು. ಡಿಕ್ಕಿ ತೆರೆದರೆ ಇನ್ನೊಂದು ಸಮಸ್ಯೆ. ಮಾಮೂಲಿ ಪೆಟ್ರೋಲ್ ಸಿಟಿಯಲ್ಲಿ 506 ಲೀಟರ್ ಇರುವ ಜಾಗ ಹೈಬ್ರಿಡ್ಡಿನಲ್ಲಿ 306ಕ್ಕೆ ಇಳಿದಿದೆ. ಉಳಿದದ್ದು ಬ್ಯಾಟರಿಯ ಪಾಲು. ಹೈಕ್ರಾಸ್ ಎಲ್ಲ ರೀತಿಯಲ್ಲೂ ನಮಗೆ ಸರಿ ಇತ್ತು. ಬ್ಯಾಟರಿ ಮುಂದಿನ ಸೀಟಿನ ಕೆಳಗೆ ಇರುವುದರಿಂದ ಡಿಕ್ಕಿಯ ಜಾಗ ತಿನ್ನುವುದಿಲ್ಲ. ಏಳು ಜನ ಆರಾಮಾಗಿ ಹೋಗಬಹುದು. ಆದರೆ ಅದರ ಹೈಬ್ರಿಡ್ ಆನ್ ರೋಡ್ ಬೆಲೆ ಮೂವತ್ತು ಲಕ್ಷ ದಾಟುತ್ತದೆ. ನಮ್ಮ ಇಎಂಐ ಅದಕ್ಕೆ ಒಗ್ಗಲಿಲ್ಲ. ಕೊನೆಗೆ ಉಳಿದದ್ದು ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಜೋಡಿ. ಹೊಸದಾಗಿ ಬಂದ ಮಾರುತಿ ವಿಕ್ಟೋರಿಸನ್ನೂ ನೋಡಿದೆವು. ಅದು ಹರಿಯಾಣದ ಖರ್ಖೋದಾದ್ದು. ಆ ಹೊತ್ತಿಗೆ ಶೋರೂಮಿನ ಎಸಿ ಸಾಕಾಗಿ ಮಕ್ಕಳು ಅಳುವುದಕ್ಕೆ ಶುರು ಮಾಡಿದ್ದರು.

ಶೋರೂಮಿನ ಟೆಸ್ಟ್ ಡ್ರೈವಿನಿಂದ ಹೈಬ್ರಿಡ್ ಅರ್ಥ ಆಗುವುದಿಲ್ಲ. ಮುಂದಿನ ಸಿಗ್ನಲ್, ಯೂ-ಟರ್ನ್, ವಾಪಸ್, ಮುಗೀತು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಹತ್ತಿರ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ ಇತ್ತು. ಪೆಟ್ರೋಲ್ ತುಂಬಿಸಿ ಕೊಡುವ ಮಾತಿನ ಮೇಲೆ ಒಂದು ವಾರಾಂತ್ಯ ಕೇಳಿ ತಗೊಂಡೆ. ಐದೂ ಜನ, ಲಗೇಜು, ಊರಿಗೆ. ಎಲ್ಲ ತೀರ್ಮಾನ ಆದದ್ದು ಆ ದಾರಿಯಲ್ಲೇ.

ನೆಲಮಂಗಲ ದಾಟುವ ತನಕದ ಜಾಮಿನಲ್ಲಿ ಎಂಜಿನ್ ಮಲಗಿದ್ದೇ ಜಾಸ್ತಿ. ಎಸಿ ಓಡುತ್ತಿದೆ, ಕಾರು ತೆವಳುತ್ತಿದೆ, ಸದ್ದಿಲ್ಲ. ಸ್ಕ್ರೀನಿನಲ್ಲಿ ಬ್ಯಾಟರಿಯಿಂದ ಚಕ್ರಕ್ಕೆ, ಚಕ್ರದಿಂದ ಬ್ಯಾಟರಿಗೆ ಬಾಣದ ಗುರುತುಗಳು ಓಡಾಡುತ್ತಿದ್ದವು. ಮಗ ಅದನ್ನೇ ನೋಡುತ್ತ ‘ಈಗ ಚಾರ್ಜ್, ಈಗ ಖರ್ಚು’ ಅಂತ ಕಾಮೆಂಟರಿ ಹೇಳುತ್ತಿದ್ದ. ಎಂಟು ಕಿಲೋಮೀಟರ್ ಲೀಟರಿಗೆ ಸಿಕ್ಕರೆ ಹೆಚ್ಚು ಅನ್ನುವ ಜಾಗದಲ್ಲಿ ಮೀಟರ್ ಇಪ್ಪತ್ತೆರಡು ತೋರಿಸುತ್ತಿತ್ತು. ಹೈವೇಗೆ ಬಂದ ಮೇಲೆ ಅದು ಇಳಿಯಿತು! ನಾವು ಕಂಡ ಕಾರುಗಳೆಲ್ಲ ಹೈವೇಯಲ್ಲಿ ಜಾಸ್ತಿ ಕೊಡುತ್ತವೆ. ಇದು ಉಲ್ಟಾ. ನೂರರ ಮೇಲೆ ಹೋದರೆ ಎಂಜಿನ್ ಬಿಡದೆ ದುಡಿಯಬೇಕು, ಬ್ರೇಕೇ ಹಿಡಿಯದಿದ್ದರೆ ಬ್ಯಾಟರಿಗೆ ಏನು ಬರಬೇಕು? ಬರೀ ಹೈವೇ ಓಡಾಟ ಇರುವವರು ಯೋಚನೆ ಮಾಡುವುದು ಒಳ್ಳೆಯದು.

ಸಕಲೇಶಪುರ ಆದ ಮೇಲೆ ಶಿರಾಡಿ ಇಳಿಜಾರು. ಬ್ಯಾಟರಿ ಬಹಳ ಸಣ್ಣದು, ಮುಕ್ಕಾಲು ಯೂನಿಟ್ ಕರೆಂಟ್ ಹಿಡಿಯುವಷ್ಟು. ಮಾರನಹಳ್ಳಿ ದಾಟಿ ಸ್ವಲ್ಪ ಇಳಿಯುವಷ್ಟರಲ್ಲಿ ಗೆರೆಗಳೆಲ್ಲ ತುಂಬಿದವು. ಆಮೇಲೆ ಒಂದು ವಿಚಿತ್ರ. ನಾನು ಆಕ್ಸಿಲರೇಟರ್ ಮುಟ್ಟೇ ಇಲ್ಲ, ಎಂಜಿನ್ ಮಾತ್ರ ಜೋರಾಗಿ ಕೂಗುತ್ತಿದೆ. ಹೆಂಡತಿ ‘ಏನಾಯ್ತು?’ ಅಂದಳು. ಆಗಿದ್ದು ಏನೂ ಇಲ್ಲ. ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ಬರುವ ಕರೆಂಟನ್ನು ಎಲ್ಲಾದರೂ ಕಳೆಯಬೇಕಲ್ಲ. ಪೆಟ್ರೋಲ್ ಹಾಕದೆ ಎಂಜಿನ್ನನ್ನು ಬರಿದೇ ತಿರುಗಿಸಿ ಅದನ್ನು ಬ್ರೇಕಿನ ಹಾಗೆ ಬಳಸುತ್ತದೆ. ಗೇರನ್ನು ‘ಬಿ’ಗೆ ಹಾಕಿದರೆ ಇದೇ ಕೆಲಸ ಇನ್ನೂ ಬಲವಾಗಿ. ಗುಂಡ್ಯ ತನಕ ಪೆಡಲ್ ಬ್ರೇಕ್ ಬೇಕಾದದ್ದು ಎದುರಿಗೆ ಲಾರಿಗಳು ಬಂದಾಗ ಮಾತ್ರ. ವಾಪಸ್ ಬರುವಾಗ ಅದೇ ಘಾಟಿ ಹತ್ತುವುದು ಅಷ್ಟು ಖುಷಿಯ ವಿಷಯ ಅಲ್ಲ. ಫುಲ್ ಲೋಡ್, ಎಸಿ, ಮುಂದೆ ಟ್ಯಾಂಕರ್. ಓವರ್‌ಟೇಕ್ ಮಾಡುವಾಗ ಮೂರು ಸಿಲಿಂಡರಿನ ಎಂಜಿನ್ ಗುರ್ ಅನ್ನುತ್ತದೆ. ಎಂಜಿನ್ ಮತ್ತು ಮೋಟಾರ್ ಎರಡೂ ಸೇರಿ 116 ಪಿಎಸ್ (ಅಶ್ವಶಕ್ತಿ). ಕಾರು ನಿಲ್ಲುವುದಿಲ್ಲ, ಆದರೆ ಜಿಗಿಯುವುದೂ ಇಲ್ಲ. ನಮಗೆ ಸಾಕು. ಅಕಾರ್ಡಿನ ಆ ಎಳೆತ ನೆನಪಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಅಮ್ಮ ಏನಂದರು? ‘ಹತ್ತಲಿಕ್ಕೆ ಸುಲಭ ಉಂಟು, ಶಬ್ದ ಇಲ್ಲ’ ಅಂದರು. ಅವರಿಗೆ ಘಾಟಿಯ ಗುರ್ ಕೇಳಿಸಿದ್ದರೂ ಲೆಕ್ಕಕ್ಕೆ ಇಟ್ಟ ಹಾಗೆ ಕಾಣಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ಇದೇ ಕಾರು ಮೈಲ್ಡ್ ಹೈಬ್ರಿಡ್ಡಿನಲ್ಲೂ ಸಿಗುತ್ತದೆ. ವೇರಿಯಂಟ್ ನೋಡಿಕೊಂಡು ಎರಡರಿಂದ ಮೂರು ಲಕ್ಷ ಕಮ್ಮಿ. ತಿಂಗಳಿಗೆ ಸಾವಿರ ಕಿಲೋಮೀಟರ್, ಊರೊಳಗೆ ಮೈಲ್ಡ್ 13 ಕೊಡುತ್ತದೆ, ಸ್ಟ್ರಾಂಗ್ 22 ಕೊಡುತ್ತದೆ ಅಂತ ಇಟ್ಟುಕೊಳ್ಳಿ. ನಾನು ಲೆಕ್ಕ ಹಾಕಿದಾಗ ಪೆಟ್ರೋಲ್ ಲೀಟರಿಗೆ 102 ರೂಪಾಯಿ ಇತ್ತು. ತಿಂಗಳಿಗೆ ಉಳಿಯುವುದು ಸುಮಾರು 3,200. ವರ್ಷಕ್ಕೆ 38,000 ಚಿಲ್ಲರೆ. ಮೂರು ಲಕ್ಷ ವಾಪಸ್ ಬರಲು ಹತ್ತಿರ ಹತ್ತಿರ ಎಂಟು ವರ್ಷ. ಬ್ಯಾಟರಿ ವಾರಂಟಿಯೂ ಎಂಟು ವರ್ಷ, ಇಲ್ಲವೇ 1,60,000 ಕಿಲೋಮೀಟರ್. ಲೆಕ್ಕ ಸರಿಹೋಗುವ ಹೊತ್ತಿಗೆ ವಾರಂಟಿ ಮುಗಿಯುತ್ತದೆ, ಬಹಳ ಯೋಚಿಸಿ ಇಟ್ಟ ಹಾಗಿದೆ! ತಿಂಗಳಿಗೆ ಸಾವಿರದೈನೂರು ಓಡಿಸುವವರಿಗೆ ಐದು ವರ್ಷಕ್ಕೆ ಬರುತ್ತದೆ. ನಾವು ಇವೆರಡರ ಮಧ್ಯೆ ಇದ್ದೇವೆ. ಬರೀ ಉಳಿತಾಯಕ್ಕಾಗಿ ಹೈಬ್ರಿಡ್ ತಗೊಳ್ಳುವವರು ತಮ್ಮ ಓಡಾಟದ ಲೆಕ್ಕ ಮೊದಲು ಹಾಕಲಿ. ನಾನು ತಗೊಂಡದ್ದು ಅರ್ಧ ಉಳಿತಾಯಕ್ಕೆ, ಅರ್ಧ ಜಾಮಿನಲ್ಲಿ ಕ್ಲಚ್ ತುಳಿಯದ, ಎಂಜಿನ್ ನಡುಗದ ಆ ಆರಾಮಕ್ಕೆ.

ಹೈರೈಡರೋ ಗ್ರ್ಯಾಂಡ್ ವಿಟಾರಾನೋ ಅನ್ನುವುದರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎಂಜಿನ್ ಒಂದೇ, ಬ್ಯಾಟರಿ ಒಂದೇ, ಮೂತಿ ಮಾತ್ರ ಬೇರೆ. ಯಾರ ಹತ್ತಿರ ನಮ್ಮ ವೇರಿಯಂಟ್ ಬೇಗ ಸಿಗುತ್ತದೋ ಅದು ಅಂತ ಇಟ್ಟುಕೊಂಡೆವು. ಹೈರೈಡರ್ ಬೇಗ ಸಿಕ್ಕಿತು.

ಬುಕಿಂಗ್ ದಿನದ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೊಟೇಶನ್ನಿನಲ್ಲಿ ‘ಎಸೆನ್ಷಿಯಲ್ ಕಿಟ್’ ಅಂತ ಒಂದು ಸಾಲು. ಏನದು ಅಂದರೆ ಮ್ಯಾಟು, ಮಡ್ ಫ್ಲ್ಯಾಪು, ಒಂದು ಟಿಶ್ಯೂ ಬಾಕ್ಸು. ಬೆಲೆ ಕೇಳಿ ಹೆಂಡತಿ ಟಿಶ್ಯೂ ಬಾಕ್ಸನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇನ್ಶೂರೆನ್ಸು ಹೊರಗಿಗಿಂತ ಗಣನೀಯವಾಗಿ ಜಾಸ್ತಿ. ನಾವೇ ಮಾಡಿಸಿಕೊಳ್ಳುತ್ತೇವೆ ಅಂದದ್ದಕ್ಕೆ ‘ಹೈಬ್ರಿಡ್ ಸರ್, ಹೊರಗಿನದು ಕ್ಲೇಮ್ ಆಗಲ್ಲ’ ಅಂತ ಹೆದರಿಸಿದರು. ಹಾಗಂತ ಬರೆದು ಕೊಡಿ ಅಂದೆ. ಮಾತು ಅಲ್ಲಿಗೆ ನಿಂತಿತು, ಕಿಟ್ಟೂ ಹೋಯಿತು. ಡೆಲಿವರಿಗೆ ಮುಂಚೆ ಯಾರ್ಡಿಗೆ ಹೋಗಿ ಕಾರು ನೋಡಿಕೊಂಡೆವು. ಚಾಸಿಸ್ ನಂಬರ್ ‘ಎಂಬಿಜೆ’ಯಿಂದಲೇ ಶುರುವಾಗಿತ್ತು. ಭಾವನಿಗೆ ಫೋಟೋ ಕಳಿಸಿದೆ. ಅವರು ಹೆಬ್ಬೆರಳು ಎತ್ತಿದ ಗುರುತು ಹಾಕಿದರು, ಬೇರೆ ಏನೂ ಬರೆಯಲಿಲ್ಲ.

ತಗೊಳ್ಳುವವರಿಗೆ ಇನ್ನೊಂದೆರಡು ಮಾತು. ದೊಡ್ಡ ಬ್ಯಾಟರಿ ಇದೆ ಅಂತ ಮಾಮೂಲಿ 12 ವೋಲ್ಟ್ ಬ್ಯಾಟರಿಯನ್ನು ಮರೆಯಬೇಡಿ. ಈ ಕಾರಿನ ಕಂಪ್ಯೂಟರನ್ನು ಎಬ್ಬಿಸುವುದು ಅದೇ. ಅದು ಸತ್ತರೆ ಹೈಬ್ರಿಡ್ ಬ್ಯಾಟರಿ ತುಂಬಿದ್ದರೂ ಕಾರು ‘ರೆಡಿ’ ಅನ್ನುವುದಿಲ್ಲ. ಊರಿಗೆ ಹೋಗಿ ವಾರಗಟ್ಟಲೆ ನಿಲ್ಲಿಸುವವರು ನಡುನಡುವೆ ಯಾರಿಂದಾದರೂ ಆನ್ ಮಾಡಿಸಿ, ‘ರೆಡಿ’ಯಲ್ಲಿ ಸ್ವಲ್ಪ ಹೊತ್ತು ಬಿಡಲಿ. ಹಾಗೆಯೇ ಬ್ಯಾಟರಿಗೆ ಗಾಳಿ ಎಳೆದುಕೊಳ್ಳುವ ಕಿಂಡಿಗೆ ಚೀಲ, ಬಟ್ಟೆ ಅಡ್ಡ ಇಡಬೇಡಿ. ಮಕ್ಕಳು ಚಿಪ್ಸ್ ತಿನ್ನುವ ಮನೆಯಾದರೆ ಸರ್ವೀಸಿನಲ್ಲಿ ಅದರ ಫಿಲ್ಟರ್ ನೋಡಿಸಿ.

ನಮ್ಮ ಕಾರು ಈಗ ಊರೊಳಗೆ 21ರಿಂದ 23, ಪುತ್ತೂರು ದಾರಿಯಲ್ಲಿ 19ರಿಂದ 20 ಕೊಡುತ್ತಿದೆ. 27.97 ಒಮ್ಮೆಯೂ ಕಂಡಿಲ್ಲ, ಕಾಣುತ್ತೇನೆ ಅಂತ ನಂಬಿಕೆಯೂ ಇಲ್ಲ. ಬಗೆಹರಿಯದೆ ಉಳಿದಿರುವುದು ಡಿಕ್ಕಿ. ಮೈಲ್ಡ್ ಹೈಬ್ರಿಡ್ಡಿನಲ್ಲಿ ಸುಮಾರು 373 ಲೀಟರ್ ಇರುವ ಜಾಗ ಇದರಲ್ಲಿ 265. ನೆಲವೂ ಎತ್ತರ. ಊರಿನಿಂದ ಬರುವಾಗ ತೆಂಗಿನಕಾಯಿ ಚೀಲ, ಹಲಸಿನ ಹಪ್ಪಳದ ಡಬ್ಬ, ಅಮ್ಮನ ವಾಕರ್ ಮೂರೂ ಒಟ್ಟಿಗೆ ಹಿಡಿಸುವುದಿಲ್ಲ. ಮೇಲೆ ಕ್ಯಾರಿಯರ್ ಹಾಕಿಸೋಣ ಅಂದರೆ ಗಾಳಿ ತಡೆದು ಮೈಲೇಜ್ ಬೀಳುತ್ತದೆ ಅಂತ ಹೆಂಡತಿ. ತೆಂಗಿನಕಾಯಿ ಬಸ್ಸಿನಲ್ಲಿ ಹಾಕಿಬಿಡಿ ಅಂತ ಮಗಳು. ತೆಂಗಿನಕಾಯಿ ವಿಷಯದಲ್ಲಿ ಮಾತ್ರ ಅಮ್ಮ ಯಾರ ಮಾತನ್ನೂ ಕೇಳುವವರಲ್ಲ.